ಹೆರಿಗೆ ದೇವಿ ಮತ್ತು ನನ್ನ ಕಾಲು

ಲಂಡನ್ನಿನ ಆಸ್ಪತ್ರೆಯಲ್ಲಿ ಹೆಂಡತಿಗೆ ಬೆಳಗಿನಿಂದ ಹೆರಿಗೆ ನೋವು, ಮಗು ಮಾತ್ರ ಬರಲೊಲ್ಲದು. ಒಳಗೆ ಅವಳ ಜೊತೆ ಅತ್ತೆ ಇದ್ದರು. ನಾನು ಹೊರಗೆ ಕಾಲ ಮೇಲೆ ಕಾಲು ಹಾಕಿಕೊಂಡು, ಲ್ಯಾಪ್‌ಟಾಪಿನಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದೆ. ಪಕ್ಕದಲ್ಲಿ ಮೊಮ್ಮಗುವಿಗಾಗಿ ಕಾದಿದ್ದ ಗ್ರೀಕ್ ಅಜ್ಜಿಯೊಬ್ಬರು ನನ್ನ ಮಂಡಿಗೆ ಪಟ್ಟನೆ ಹೊಡೆದರು.

“ಕಾಲು ಇಳಿಸಪ್ಪಾ! ನಮ್ಮ ಹೆರಿಗೆ ದೇವಿ ಐಲಿಥಿಯಾ ಹೀಗೇ ಕಾಲು ಹೆಣೆದು ಕೂತು, ಒಬ್ಬಳ ಹೆರಿಗೆಯನ್ನೇ ತಡೆದು ಹಿಡಿದಿದ್ದಳು.”

ದೇವಿಗಲ್ಲ, ಇನ್ನೊಂದು ಏಟಿಗೆ ಹೆದರಿ ಇಳಿಸಿದೆ. ಒಳಗೆ ಮಗು ಅತ್ತಿತು!

ಹೊರಬಂದ ಅತ್ತೆಗೆ ಅಜ್ಜಿಯೇ ವರದಿ ಒಪ್ಪಿಸಿದರು. “ಹಿರಿಯರ ಮುಂದೆ ಕಾಲ ಮೇಲೆ ಕಾಲು ಹಾಕ್ಬೇಡಿ ಅಂತ ಅಳಿಯಂದಿರಿಗೆ ಹೇಗೆ ಹೇಳೋದು ಅಂತ ನಾನು ಇಷ್ಟು ವರ್ಷ ಸುಮ್ಮನಿದ್ದೆ,” ಎಂದು ಅತ್ತೆ ಅಜ್ಜಿಯ ಕೈ ಹಿಡಿದುಕೊಂಡರು.

ಸುದ್ದಿ ನನಗಿಂತ ಮೊದಲೇ ಒಳಗೆ ಹೋಗಿತ್ತು. ಮಗುವನ್ನು ಎದೆಗವಚಿಕೊಂಡಿದ್ದ ಹೆಂಡತಿ ನನ್ನನ್ನೇ ದಿಟ್ಟಿಸಿ ಕೇಳಿದಳು:

“ಬೆಳಗಿನಿಂದ ಹಾಗೇ ಕೂತಿದ್ರಾ?”