ಅಮ್ಮನ ಪುಸ್ತಕದ ಅಂಚು

ವಿದೇಶದಲ್ಲಿ ನಾವಿರುವ ಥಾರ್ನ್‌ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಯಹೂದಿಗಳ ಧರ್ಮಗ್ರಂಥವನ್ನು ಕೈಯಲ್ಲಿ ಬರೆಯುವ ಲಿಪಿಕಾರರು. ಚರ್ಮದ ಹಾಳೆ, ಗರಿಯ ಲೇಖನಿ, ಕಪ್ಪು ಮಸಿ. ಆ ಹಾಳೆಗಳ ಒಂದು ಸುರುಳಿ ಮುಗಿಯಲು ವರ್ಷವಾದರೂ ಬೇಕು ಎಂದು ಅವರು ಹೇಳಿದಾಗ ಮನಸ್ಸಿನಲ್ಲೇ ನಕ್ಕಿದ್ದೆ. ಪಕ್ಕದ ಊರಾದ ವಾನ್‌ನ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಇನ್ನೊಬ್ಬರ ಕೋಡನ್ನು ಕಾಪಿ ಹೊಡೆದು ಸಂಬಳ ಎಣಿಸುತ್ತಿರುವ ನನಗೆ ನಕಲು ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಧಿಮಾಕು.

ಅಮ್ಮ ತೀರಿಕೊಂಡ ಮೇಲೆ ಅವಳ ಅಡುಗೆ ಪುಸ್ತಕ ಮೈಸೂರಿನಲ್ಲಿ ಅಕ್ಕನ ಹತ್ತಿರವಿತ್ತು. ಕಳೆದ ಸಲ ಊರಿಗೆ ಹೋದಾಗ ಕೇಳಿದೆ. ಅಕ್ಕ ಎರಡು ತಿಂಗಳ ಮಟ್ಟಿಗೆ ಕೊಟ್ಟಳು, ಆದರೆ ನಾನು ಕೈಯಲ್ಲೇ ಬರೆದುಕೊಳ್ಳಬೇಕು. ಫೋಟೋ ತೆಗೆದುಕೊಂಡರೆ ಫ್ಯಾಮಿಲಿ ಗ್ರೂಪಿನ ಫೋಟೋ ನೋಡಿದ ಹಾಗೇ ನೋಡುತ್ತೀಯ, ಅಂದರೆ ನೋಡುವುದೇ ಇಲ್ಲ, ಎಂದಳು.

ಪುಸ್ತಕ ಏಳು ವಾರ ನಮ್ಮ ಮೈಕ್ರೋವೇವಿನ ಮೇಲೆ ಕೂತಿತ್ತು. ಇಲ್ಲಿಗೆ ಬಂದಿದ್ದ ಅಕ್ಕನ ನಾದಿನಿ ಭಾನುವಾರ ಊರಿಗೆ ಹೊರಡುತ್ತಾಳೆ, ಅವಳ ಕೈಯಲ್ಲಿ ಕಳಿಸು ಎಂದು ಮೆಸೇಜು ಬಂದಾಗ ಎಚ್ಚರವಾಯಿತು. ಮೂರೇ ಸಂಜೆಗಳಲ್ಲಿ ಬರೆದು ಬಿಸಾಕಿದೆ. ಸುಮ್ಮನೆ ಬರೆಯಲಿಲ್ಲ, ಸುಧಾರಿಸಿದೆ. ಅಮ್ಮ ‘ಒಂದು ಹಿಡಿ’ ಎಂದಲ್ಲೆಲ್ಲ ಗ್ರಾಂ ಹಾಕಿದೆ. ಅಂಚಿನಲ್ಲಿ ಪೆನ್ಸಿಲಿನ ಓರೆ ಸಾಲುಗಳಿದ್ದವು. ಮೊದಲ ಎರಡರಲ್ಲಿ ಗ್ಯಾಸ್ ಬಂದ ದಿನ, ನಲ್ಲಿ ರಿಪೇರಿ ಅಂತೆಲ್ಲ ಇತ್ತು. ಉಳಿದದ್ದೂ ಅದೇ ಇರಬೇಕೆಂದು ಅಷ್ಟನ್ನೂ ಬಿಟ್ಟೆ.

ಗುರುವಾರ ಬೆಳಿಗ್ಗೆ ಇಬ್ಬರೂ ಡ್ರೈವ್‌ವೇಯಲ್ಲಿ ಹಿಮ ಎತ್ತಿಹಾಕುತ್ತಿದ್ದಾಗ ಪಕ್ಕದ ಮನೆಯವರ ಮುಂದೆ ಜಂಬ ಕೊಚ್ಚಿಕೊಂಡೆ. ಪ್ರತಿ ಪದವನ್ನೂ ಬಾಯಿಬಿಟ್ಟು ಓದಿ ಬರೆದೆಯಾ ಎಂದು ಕೇಳಿದರು. ಅವರಿಗೆ ಎಷ್ಟೋ ಭಾಗ ಕಂಠಪಾಠವಂತೆ, ಆದರೂ ಮೂಲ ಪ್ರತಿ ಎದುರಿಗಿಲ್ಲದೆ ಬರೆಯುವ ಹಾಗಿಲ್ಲ. ಕೆಲವು ಅಕ್ಷರಗಳ ಮೇಲೆ ಚುಕ್ಕೆಗಳಿವೆ, ಯಾಕೆ ಎಂದು ಯಾರಿಗೂ ಖಚಿತವಿಲ್ಲ, ಆದರೂ ಅವನ್ನು ತಲೆಮಾರುಗಳಿಂದ ಹಾಗೇ ಇಳಿಸಿಕೊಂಡು ಬಂದಿದ್ದಾರೆ. ಹಳೆಯ ಕಾಲದ ಲಿಪಿಕಾರರು, ಯಹೂದಿಗಳಿರಲಿ ಕ್ರೈಸ್ತರಿರಲಿ, ಒಂದೇ ರೀತಿ ಮುಗಿಯುವ ಎರಡು ಸಾಲು ಸಿಕ್ಕರೆ ಕಣ್ಣು ಜಾರಿ ನಡುವಿನದ್ದನ್ನು ನುಂಗಿಬಿಡುತ್ತಿದ್ದರಂತೆ. ಯಾರೋ ಅಂಚಿನಲ್ಲಿ ಗೀಚಿದ್ದನ್ನು ಗ್ರಂಥದ ಒಳಗೇ ಸೇರಿಸಿದವರೂ ಉಂಟಂತೆ. ನಾನು ಅಂಚನ್ನೇ ಎತ್ತಿ ಎಸೆದಿದ್ದೆ, ಅದನ್ನು ಅವರಿಗೆ ಹೇಳಲಿಲ್ಲ.

ಯಾರು ತಾಳೆ ನೋಡಿದರು ಎಂದರು. ನಾನೇ, ಎಂದೆ. ಅವರು ಅದು ಸಾಲದು ಎಂಬಂತೆ ತಲೆಯಾಡಿಸಿದರು. ಬರೆದವನಿಗೆ ಹಾಳೆಯಲ್ಲಿರುವುದು ಕಾಣುವುದಿಲ್ಲ, ತಲೆಯಲ್ಲಿರುವುದೇ ಕಾಣುತ್ತದೆ. ಸುರುಳಿಯಲ್ಲಿ ಒಂದು ಅಕ್ಷರದ ಬಗ್ಗೆ ಅನುಮಾನ ಬಂದರೆ ಅವರು ಪಂಡಿತರನ್ನು ಕರೆಯದೆ, ಅಕ್ಷರ ಮಾತ್ರ ಬಲ್ಲ ಮಗುವಿಗೆ ತೋರಿಸುತ್ತಾರಂತೆ. ಮಗು ಊಹೆ ಮಾಡುವುದಿಲ್ಲ, ಇರುವುದನ್ನೇ ಓದುತ್ತದೆ.

ನಮ್ಮ ಮನೆಯಲ್ಲೂ ಅಂಥ ಪ್ರಾಣಿ ಒಂದಿದೆ. ಒಂಬತ್ತು ವರ್ಷದ ಮಗಳು ಶನಿವಾರದ ಕನ್ನಡ ಕ್ಲಾಸಿಗೆ ಹೋಗಿ ಅಕ್ಷರ ಕಲಿತಿದ್ದಾಳೆ. ಸಂಜೆ ಅವಳ ಕೈಗೆ ಅಮ್ಮನ ಪುಸ್ತಕ ಕೊಟ್ಟು, ನನ್ನ ಪ್ರತಿ ಹಿಡಿದು ಎದುರಿಗೆ ಕೂತೆ. ಸಾರಿನ ಪುಡಿಯ ಪುಟದಲ್ಲೇ ಮಾನ ಹೋಯಿತು. ‘ಹುರಿದಿಟ್ಟುಕೊಳ್ಳುವುದು’ ಎಂದು ಮುಗಿಯುವ ಎರಡು ಸಾಲುಗಳ ನಡುವೆ ನನ್ನ ಕಣ್ಣೂ ಜಾರಿತ್ತು. ನನ್ನ ಸಾರಿನ ಪುಡಿಗೆ ಕೊತ್ತಂಬರಿ ಬೀಜವೇ ಇರಲಿಲ್ಲ.

ಅವಳು ಪುಸ್ತಕವನ್ನು ಓರೆ ಮಾಡಿ ಅಂಚಿಗೆ ಹೊರಟಳು. ಅದು ಬೇಡ, ಬಿಡು ಎಂದೆ.

“ಬಟ್ ಅಪ್ಪಾ, ಅಜ್ಜಿ ಬರ್ದಿದಾರಲ್ಲ.”

ಒಂದೊಂದೇ ಅಕ್ಷರ ಕೂಡಿಸಿ, ಅರ್ಥದ ಗೊಡವೆಯಿಲ್ಲದೆ, ಓದಿದಳು. “ಮಗನ ಫೋನ್ ಬಂತು. ಸಾರಿನ ಪುಡಿ ಮೂರನೇ ಸಲ ಹೇಳಿದೆ. ಅರ್ಧ ಕೇಳಿ ಗೊತ್ತಾಯ್ತು ಬಿಡು ಅಂದ. ಮತ್ತೆ ಕೇಳ್ತಾನೆ. ನಾನು ಮರೆತರೆ ಅವನಿಗೆ ಯಾರು ಹೇಳ್ತಾರೆ ಅಂತ ಎಲ್ಲಾ ಬರೆದಿಡ್ತಿದೀನಿ.”

ಅಮ್ಮ ಅಡುಗೆಗೆ ಯಾವತ್ತೂ ಪುಸ್ತಕ ತೆರೆದವಳಲ್ಲ. ಎಲ್ಲ ಕೈಯಳತೆ. ಮತ್ತೆ ಅವಳ ಹತ್ತಿರ ಪುಸ್ತಕ ಯಾಕಿತ್ತು ಎಂದು ನಾನು ಕೇಳಿಕೊಂಡಿರಲೇ ಇಲ್ಲ. ನಾಲ್ಕು ದಿನ ತಡವಾಗಿದ್ದರೆ ಆ ಸಾಲು ನನ್ನ ಪಾಲಿಗೆ ಇಲ್ಲದ ಹಾಗೇ ಊರಿಗೆ ಹೋಗಿರುತ್ತಿತ್ತು. ತುಂಬಾ ನಾಚಿಕೆಯಾಯಿತು. ಅಮ್ಮನ ಜೊತೆ ಇನ್ನೊಂದು ಸಲ ಫೋನಿನಲ್ಲಿ ಮಾತಾಡಬೇಕು ಅನ್ನಿಸಿತು.

ಶುಕ್ರವಾರ ರಜೆ ಹಾಕಿ ಮೊದಲಿನಿಂದ ಬರೆದೆ. ಪ್ರತಿ ಪದವನ್ನೂ ಗಟ್ಟಿಯಾಗಿ ಓದಿ, ಹಿಡಿಯನ್ನು ಹಿಡಿ ಎಂದೇ, ಗ್ಯಾಸ್ ಬಂದ ದಿನವನ್ನೂ ಅಂಚಿನಲ್ಲೇ, ಓರೆಯಾಗಿ, ಪೆನ್ಸಿಲಿನಲ್ಲಿ. ಶನಿವಾರ ಮಗಳು ಮತ್ತೆ ತಾಳೆ ನೋಡಿದಳು. ಕೊನೆಯ ಪುಟಕ್ಕೆ ಬಂದಾಗ ತಲೆಯೆತ್ತಿ, ಇಲ್ಲೊಂದು ಸಾಲು ಬಿಟ್ಟಿದ್ದೀಯ ಎಂದು ವಿವರಿಸಲು ಶುರು ಮಾಡಿದಳು.

ಗೊತ್ತಾಯ್ತು ಬಿಡು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

“ಇನ್ನೊಂದ್ ಸಲ ಓದು ಪುಟ್ಟಿ,” ಎಂದೆ.

ಅವಳು ಓದಿದಳು. ನಾನು ಕೊನೆಯವರೆಗೂ ಕೇಳಿದೆ.