ಹೋಳಿ ಹುಣ್ಣಿಮೆ ಕಳೆದ ಮೂರನೇ ದಿನ

ಇವತ್ತು ಬೆಳಿಗ್ಗೆ ಕಂಡೆನ್ಸ್ಡ್ ಮಿಲ್ಕ್ ಡಬ್ಬಿಗೆ ತೂತು ಹಾಕಿದೆ. ಆ ಸಿಹಿ, ಒಂಚೂರು ಕಂದಿದ ಸಕ್ಕರೆಯ ವಾಸನೆ ಬಂದದ್ದೇ ತಡ, ಒಮಾನಿನ ಸೊಹಾರ್‌ನ ಮೇಲಿನ ಮನೆಯ ಅಕ್ಕ ನೆನಪಾದರು. ನೆನಪಾದರು ಅನ್ನುವುದೂ ಪೂರ್ತಿ ನಿಜವಲ್ಲ. ಡಬ್ಬಿ ತಂದದ್ದೇ ಆ ನೆನಪಿಗೆ.

ಎರಡು ಸಾವಿರದ ಐದೋ ಆರೋ ಇರಬೇಕು. ನಮ್ಮವರಿಗೆ ಬಂದರಿನ ಹತ್ತಿರದ ಪ್ಲಾಂಟಿನಲ್ಲಿ ಕೆಲಸ. ನಾವು ಮೈಸೂರಿನ ಕಡೆಯವರು, ಅಕ್ಕ ಉಡುಪಿ ಕಡೆಯವರು. ಬೆಳಿಗ್ಗೆ ಕಂಪನಿ ಬಸ್ಸು ಗಂಡಸರನ್ನು ತುಂಬಿಕೊಂಡು ಹೋದರೆ ಬಿಲ್ಡಿಂಗಿನಲ್ಲಿ ನಾವು ಮತ್ತು ಎ.ಸಿ.ಯ ಸದ್ದು, ಅಷ್ಟೇ. ಒಮಾನಿಗೆ ಬರುವ ಮೊದಲು ಅಕ್ಕ, ಭಾವ ವಿಯೆಟ್ನಾಮಿನಲ್ಲಿದ್ದರು ಎಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚು ನಾನು ಕೇಳಿರಲಿಲ್ಲ.

ಒಂದು ವರ್ಷ ಚಳಿ ಇಳಿಯುವ ಹೊತ್ತಿಗೆ ಕಂಪನಿಯವರು ನಮ್ಮವರನ್ನು ಯಂತ್ರ ನೋಡಿ ಬರಲು ವಿಯೆಟ್ನಾಮಿನ ದನಾಂಗಿಗೆ ಕಳಿಸಿದರು. ನಾನೂ ಬಾಲದಂತೆ ಹೊರಟೆ. ಅಲ್ಲಿಂದ ಶುರುವಾಯಿತು ಅಕ್ಕನ ಪಾಠ.

"ರಸ್ತೆ ದಾಟುವಾಗ ಓಡ್ಬೇಡ, ನಿಲ್ಲಲೂ ಬೇಡ. ಮೆಲ್ಲ ನಡೀತಾ ಇರು, ಆಯ್ತಾ? ಬೈಕಿನವರೇ ನಿನ್ನ ಬದಿಯಿಂದ ಹೋಗ್ತಾರೆ."

ಚಪ್ಪಲಿ ಹೊರಗೆ ಬಿಡಬೇಕು. ಏನು ಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಚಹಾ ಕೊಟ್ಟರೆ ಬೇಡ ಅನ್ನಬಾರದು. ಆ ದೇಶದ ಮಧ್ಯದ ಊರುಗಳಲ್ಲಿ ಅಕ್ಟೋಬರ್, ನವೆಂಬರ್ ಅಂದರೆ ನೆರೆ, ನೀನು ಹೋಗುವ ಹೊತ್ತು ಒಳ್ಳೆಯದೇ ಆಯಿತು ಅಂದರು. ಅನ್ನದಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಬಾರದು, ಅದು ಸತ್ತವರಿಗೆ ಇಡುವ ಕ್ರಮ. "ಹಸಿದು ಸಾಯ್ತೇನೆ ಅಂತ ಹೆದರ್ಬೇಡ ಮಾರಾಯ್ತಿ. ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲಿಯೂ ಸುಮಾರು ಜನ ಮಾಂಸ ಮುಟ್ಟುವುದಿಲ್ಲ" ಎಂದು ನಕ್ಕರು. ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ. ಬಸ್ಸಿನ ಹೊತ್ತು ಹೇಳುವವರ ಹಾಗೆ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದರು.

ಹೊರಡುವ ಹಿಂದಿನ ದಿನ ನನ್ನ ಸೀರೆ ಮಡಚಿ ಕೊಡುತ್ತಾ, ಅದೇ ದನಿಯಲ್ಲಿ, "ಅಲ್ಲಿ ನಮ್ಮದೊಂದು ಮಗು ಉಂಟು" ಅಂದರು.

ಅಲ್ಲಿಯೇ ಓದಲು ಬಿಟ್ಟು ಬಂದಿರಬೇಕು ಅಂದುಕೊಂಡು, ಎಷ್ಟು ವರ್ಷ ಅಕ್ಕ ಎಂದು ಕೇಳಿದೆ.

"ಹಲ್ಲು ಬಂದಿರ್ಲಿಲ್ಲ."

ಜ್ವರವಂತೆ. ಮನೆ ಓನರ್ ಅಜ್ಜಿಯ ಗದ್ದೆಯ ಬದಿಯಲ್ಲಿ ಹೂಳಿದ್ದರಂತೆ. ಹಲ್ಲು ಬಾರದ ಮಗುವಿಗೆ ನಮ್ಮಲ್ಲಿ ತಿಥಿಯಿಲ್ಲ, ಶ್ರಾದ್ಧವಿಲ್ಲ. ಆ ಮಾತು ಎತ್ತಿದರೆ ಭಾವ "ಖಲಾಸ್" ಅಂದು ಎದ್ದು ಹೋಗುತ್ತಿದ್ದರಂತೆ. "ಜಾಗ ಇನ್ನೂ ಉಂಟಾ, ಉತ್ತು ಗದ್ದೆಗೆ ಸೇರಿ ಹೋಯ್ತಾ, ಅಷ್ಟು ನೋಡಿ ಬಾ" ಅಂದರು ಅಕ್ಕ. ಅಳಲಿಲ್ಲ. ನನಗೂ ಅಳು ಬರಲಿಲ್ಲ. ಅಜ್ಜಿಯ ವಿಳಾಸ ಬರೆಸಿಕೊಂಡು, ಅಕ್ಕನ ಒಂದು ಫೋಟೋ ಇಸಿದುಕೊಂಡೆ.

ದನಾಂಗಿನಲ್ಲಿ ಅಕ್ಕ ಹೇಳಿದ ಹಾಗೆಯೇ ರಸ್ತೆ ದಾಟಿದೆ, ಜೀವ ಕೈಯಲ್ಲಿ ಹಿಡಿದುಕೊಂಡು. ಒಂದು ಬೆಳಿಗ್ಗೆ ಸ್ವಲ್ಪ ಇಂಗ್ಲಿಷ್ ಬರುತ್ತಿದ್ದ ಡ್ರೈವರ್ ಆ ವಿಳಾಸ ಹಿಡಿದು ನನ್ನನ್ನು ಊರ ಹೊರಗೆ ಕರೆದುಕೊಂಡು ಹೋದ. ಒಂದು ಕಡೆ ಕಡಲು, ಇನ್ನೊಂದು ಕಡೆ ಮೋಡ ಕೂತ ಬೆಟ್ಟ, ನಡುವೆ ಹಸಿರು ಗದ್ದೆ. ಸೊಹಾರ್‌ನ ಧೂಳು ನೋಡಿದ್ದ ಕಣ್ಣಿಗೆ ಅಷ್ಟು ಹಸಿರು ಹಿತವಾಗಬೇಕಿತ್ತು. ಗದ್ದೆಯ ನಡುನಡುವೆ ಗೋರಿಗಳಿದ್ದವು. ಅವುಗಳ ಸುತ್ತಲೇ ನಾಟಿ ಮಾಡಿದ್ದರು. ಉಳಿದದ್ದೇನೂ ನನಗೆ ಕಾಣಲಿಲ್ಲ.

ಅಜ್ಜಿ ಬದುಕಿದ್ದರು. ಅಕ್ಕನ ಫೋಟೋ ತೋರಿಸಿದ ಕೂಡಲೇ ನನ್ನ ಕೈ ಹಿಡಿದುಕೊಂಡು ಗದ್ದೆಯ ಬದಿಗೆ ನಡೆಸಿದರು. ಮಗುವನ್ನು ಹೂಳಿದ ಗುಡ್ಡೆ ಇನ್ನೂ ಇತ್ತು. ಸುಣ್ಣ ಬಳಿದಿದ್ದರು. ಆಮೇಲೆ ಮನೆಯೊಳಗೆ, ಹಿರಿಯರ ಫೋಟೋಗಳನ್ನಿಟ್ಟ ಎತ್ತರದ ಕಟ್ಟೆಯ ಮುಂದೆ ನಿಲ್ಲಿಸಿದರು. ತುದಿಯಲ್ಲಿ ಫೋಟೋ ಇಲ್ಲದ ಒಂದು ಜಾಗ, ಅಲ್ಲಿ ದಪ್ಪ ಗಾಜಿನ ಒಂದು ಪುಟ್ಟ ಲೋಟ.

ಡ್ರೈವರ್ ವಿವರಿಸಿದ. ಮಗು ಹೋದ ದಿನ ಅಜ್ಜಿ ಪ್ರತಿ ವರ್ಷ ಅಡುಗೆ ಮಾಡಿ, ಅಕ್ಕಪಕ್ಕದವರನ್ನು ಕರೆದು, ಈ ಲೋಟದಲ್ಲಿ ಡಬ್ಬಿ ಹಾಲು ಕಲಸಿ ಇಡುತ್ತಾರಂತೆ. ಅವರ ಮನೆಯಲ್ಲಿ ಸತ್ತ ಮೇಲೆ ಮಗು ಅವರ ಮನೆಯದೇ ಅಂತೆ. ಅಜ್ಜಿ ಲೋಟ ಇಳಿಸಿ ಎರಡೂ ಕೈಯಲ್ಲಿ ನನಗೆ ಕೊಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ನನಗೆ ವಯಸ್ಸಾಯಿತು, ಒಂದು ವರ್ಷವೂ ತಪ್ಪಿಸಿಲ್ಲ, ಇನ್ನು ಮುಂದೆ ತಾಯಿಯೇ ಮಾಡಲಿ ಎಂದು ಹೇಳಿ ಕಳಿಸಿದರು.

ಸೊಹಾರ್‌ನಲ್ಲಿ ಅಕ್ಕ ಆ ಲೋಟವನ್ನು ಬಹಳ ಹೊತ್ತು ಸೆರಗಿನಿಂದ ಒರೆಸಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. "ಅವರು ಮಾಡ್ತಿದ್ದಾರಾ... ಪ್ರತಿ ವರ್ಷ?" ಎಂದು ಕೇಳಿದರು. ಹೌದಕ್ಕಾ ಅಂದೆ. ಮತ್ತೆ ಕೇಳಿದರು. ಮತ್ತೆ ಹೇಳಿದೆ. ಪಂಚಾಂಗ ತೆಗೆದು, ಮಗು ಹೋದ ದಿನ ಹೋಳಿ ಹುಣ್ಣಿಮೆ ಕಳೆದ ಮೂರನೇ ದಿನ ಎಂದು ಹೊಂದಿಸಿಕೊಂಡರು.

ಆಮೇಲೆ ಪ್ರತಿ ವರ್ಷ ಆ ದಿನ, ಕಂಪನಿ ಬಸ್ಸು ಹೋದ ಮೇಲೆ, ಅಕ್ಕ ಅಡುಗೆಮನೆಯ ಕಟ್ಟೆಯ ಮೇಲೆ ಹಾಲಿಡುತ್ತಿದ್ದರು. ಊರಿನಲ್ಲಾದರೆ ಹತ್ತು ಜನ ಹತ್ತು ಮಾತು ಆಡುತ್ತಿದ್ದರು. ಅಲ್ಲಿ ಕೇಳುವವರಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ.

ಭಾವನ ಕೆಲಸ ಮುಗಿದು ಅವರು ಊರಿಗೆ ಹೊರಟಾಗ ಅಕ್ಕ ಲೋಟವನ್ನು ನನ್ನ ಕೈಗಿಟ್ಟರು. "ಅತ್ತೆ ಮನೆಯಲ್ಲಿ ಇದೆಲ್ಲ ಆಗುವುದಿಲ್ಲ. ನೀನು ಮಾಡ್ತೀಯಲ್ಲ?" ಅವರೂ ಎರಡೂ ಕೈಯಲ್ಲೇ ಕೊಟ್ಟರು.

ನಾವೂ ಒಮಾನ್ ಬಿಟ್ಟು ಬಂದು ವರ್ಷಗಳಾದವು. ಫೋನು ಅಪರೂಪವಾಗಿ, ಆಮೇಲೆ ನಿಂತೇ ಹೋಯಿತು. ಹೋದ ವರ್ಷ ಯಾರದೋ ಮದುವೆಯಲ್ಲಿ ಸಿಕ್ಕ ಸೊಹಾರ್‌ನವರೊಬ್ಬರು, ಅಕ್ಕನ ಮಾತು ಬಂದಾಗ, "ಅವರು ತೀರಿಹೋಗಿ ಎಷ್ಟೋ ಕಾಲವಾಯಿತಲ್ಲ, ನಿಮಗೆ ಗೊತ್ತಿಲ್ವಾ?" ಅಂದರು. ಯಾವಾಗ ಎಂದು ಕೇಳಿದೆ. ಅವರಿಗೆ ನೆನಪಿರಲಿಲ್ಲ. ನಾನು ಊಟದ ಸಾಲಿನಲ್ಲಿ ಕೂತು ಬಡಿಸಿದ್ದನ್ನೆಲ್ಲ ತಿಂದು ಎದ್ದೆ.

ಕಂಡೇ ಇರದ ಮಗುವಿನ ದಿನ ನನಗೆ ಗೊತ್ತು. ಅಕ್ಕನ ದಿನ ಗೊತ್ತಿಲ್ಲ. ಇರುವುದು ಒಂದೇ ಲೋಟ. ಇಬ್ಬರಿಗೂ ಅದರಲ್ಲೇ ಹಾಲು ಕಲಸಿ ಇಟ್ಟೆ.