ಕ್ರಿಯಾಟಿನಿನ್ ನಾರ್ಮಲ್ ಇದ್ದ ದಿನ

ಬೆಳಿಗ್ಗೆಯಿಂದ ಮೂತ್ರ ಬಂದಿರಲಿಲ್ಲ. ಮೊದಲು ಅದು ನನ್ನ ಗಮನಕ್ಕೇ ಬರಲಿಲ್ಲ. ಹೆರಿಗೆಯಾಗಿ ಎರಡನೇ ವಾರ. ಹರಪನಹಳ್ಳಿ ಹತ್ತಿರದ ಅರಸೀಕೆರೆಯ ತವರುಮನೆ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಮಂಚದ ಕೆಳಗೆ ಕೆಂಡ. ಹೊರಗೆ ಸುಡುಬೇಸಿಗೆ. ಹಿಂದಿನ ದಿನದಿಂದ ಭೇದಿ ಬೇರೆ.

"ಅವ್ವಾ, ನೀರು ಕೊಡು," ಅಂದೆ.

"ಗಂಟ್ಲ ತೊಯ್ಯೋವಷ್ಟು ಕುಡಿ ಸಾಕು. ಬಾಣಂತಿ ನೀರು ಕುಡಿದ್ರೆ ಹೊಟ್ಟಿ ಬರ್ತೈತಿ, ಕೂಸಿಗೂ ಶೀತ ಆಗ್ತೈತಿ."

ಅವ್ವನ ಬಾಣಂತನದಲ್ಲೂ ಅಜ್ಜಿ ಹೀಗೇ ಮಾಡಿದ್ದಳಂತೆ. ಬ್ಯಾಂಕಿನ ಕೌಂಟರಿನಲ್ಲಿ ಕೂತರೆ ನಾನು ಯಾರ ಮಾತನ್ನೂ ಸುಲಭಕ್ಕೆ ಒಪ್ಪುವವಳಲ್ಲ. ಬಾಣಂತಿ ಕೋಣೆಯಲ್ಲಿ ಮಾತ್ರ ನನಗೆ ಬಾಯೇ ಇರಲಿಲ್ಲ. ಸೊಂಟನೋವಿಗೆ ಮೆಡಿಕಲ್ ಶಾಪಿನಿಂದ ತರಿಸಿದ ಪೇನ್ ಕಿಲ್ಲರನ್ನೂ ನುಂಗುತ್ತಿದ್ದೆ.

ಸಂಜೆ ಬಂದ ಗಂಡ ನನ್ನ ಗುಳಿಬಿದ್ದ ಕಣ್ಣು ನೋಡಿ ಹೆದರಿದ. ಕೂಸನ್ನು ತಂಗಿಯ ಕೈಗೆ ಕೊಟ್ಟು ಅವ್ವನೂ ಕಾರು ಹತ್ತಿದಳು. ಹರಪನಹಳ್ಳಿಯಲ್ಲಿ ರಕ್ತ ಪರೀಕ್ಷೆಯಾಯಿತು. ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ನಾರ್ಮಲ್.

"ನೋಡು, ಕಿಡ್ನಿ ಚೆನ್ನಾಗೈತಂತ," ಎಂದು ಅವ್ವ ಕೈಮುಗಿದಳು. ಆದರೆ ಮೂತ್ರ ಬರಲಿಲ್ಲ. ಗಂಡ ಯಾರನ್ನೂ ಕೇಳದೆ ದಾವಣಗೆರೆಗೆ ಹೊರಟ.

ಅಲ್ಲಿನ ಡಾಕ್ಟರಮ್ಮ ಆ ರಿಪೋರ್ಟನ್ನು ಪಕ್ಕಕ್ಕಿಟ್ಟರು. "ಕ್ರಿಯಾಟಿನಿನ್ ಏರೋದು ತಡ ಆಗುತ್ತಮ್ಮ. ಕಿಡ್ನಿಗೆ ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಎನ್‌ಗ್ಯಾಲ್ ಅನ್ನೋ ಪ್ರೋಟೀನ್ ಜಾಸ್ತಿ ಆಗುತ್ತೆ. ಅದನ್ನ ನೋಡೋಣ." ಮೂತ್ರನಾಳಕ್ಕೆ ಕ್ಯಾತಿಟರ್ ಕೊಳವೆ ಹಾಕಿದಾಗ ಬಂದದ್ದು ಡಿಕಾಕ್ಷನ್ನಿನಂಥ ಒಂದಿಷ್ಟು. ಅದನ್ನೇ ಲ್ಯಾಬಿಗೆ ಕಳಿಸಿದರು.

ಎನ್‌ಗ್ಯಾಲ್ ಏರಿತ್ತು.

ನೀರಿಲ್ಲದೆ ಒಣಗಿದ ಕಿಡ್ನಿಗೆ ಅದೂ ಪೆಟ್ಟು ಅಂತ ಪೇನ್ ಕಿಲ್ಲರ್ ನಿಲ್ಲಿಸಿದರು. ಸಲೈನ್ ಹಚ್ಚಿದರು. ಮೂತ್ರ ಬಾರದಿದ್ದರೆ ಡಯಾಲಿಸಿಸ್ ಮಾಡಬೇಕಾಗಬಹುದು ಅಂದರು. ಮರುದಿನ ಕ್ರಿಯಾಟಿನಿನ್ನೂ ಏರಿತು. ಐಸಿಯುವಿನಲ್ಲಿ ಮಲಗಿ ಮೂತ್ರದ ಚೀಲವನ್ನೇ ನೋಡುತ್ತಿದ್ದೆ. ಜನ ದೇವರ ಹತ್ತಿರ ಏನೇನೋ ಬೇಡುತ್ತಾರೆ, ನಾನು ಬೇಡಿದ್ದು ಮೂತ್ರ. ಎದೆಹಾಲು ಬತ್ತಿತ್ತು, ಮಗಳಿಗೆ ಮನೆಯಲ್ಲಿ ಬಾಟಲಿ ಹಾಲು ಅಂದರು. ಅವಳನ್ನು ಇನ್ನೊಮ್ಮೆ ಎತ್ತಿಕೊಳ್ಳುತ್ತೇನೋ ಇಲ್ಲವೋ ಎಂದು ಬಿಕ್ಕಿದೆ, ಕಣ್ಣೀರೂ ಬರಲಿಲ್ಲ. ಅವ್ವನ ಮುಖ ನೋಡಬಾರದು ಅನ್ನುವಷ್ಟು ಸಿಟ್ಟು ಬಂತು.

ಮೂರನೇ ದಿನ ಚೀಲ ಸ್ವಲ್ಪ ಸ್ವಲ್ಪವೇ ತುಂಬತೊಡಗಿತು.

"ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು. ಇನ್ನು ನೀರು ಕುಡೀಬಹುದು. ಆದ್ರೆ ಪೂರ್ತಿ ಸರಿಹೋಯ್ತು ಅಂತ ಈಗ್ಲೇ ಹೇಳಲ್ಲ, ಟೆಸ್ಟ್ ಮಾಡಿಸ್ತಾ ಇರಬೇಕು," ಅಂದರು ಡಾಕ್ಟರಮ್ಮ.

ಅವ್ವನನ್ನು ಒಳಗೆ ಬಿಟ್ಟರು. ಅವಳ ತುಟಿ ಒಣಗಿ ಒಡೆದಿತ್ತು.

"ನಿಮ್ಮವ್ವ ಇಲ್ಲಿಗೆ ಬಂದಾಗಿಂದ ಸರಿಯಾಗಿ ನೀರೂ ಮುಟ್ಟಿಲ್ಲ. ಹೇಳಿ ಹೇಳಿ ಸಾಕಾಗೈತಿ ನಂಗೆ," ಅಂದ ಗಂಡ.

ನರ್ಸ್ ಕೊಟ್ಟ ಲೋಟವನ್ನು ಅವ್ವ ನನ್ನ ಬಾಯಿಗೆ ಹಿಡಿದಳು. ಅಂಚಿನವರೆಗೂ ತುಂಬಿತ್ತು. ಅರ್ಧ ನನ್ನ ಕುತ್ತಿಗೆಗೆ ಚೆಲ್ಲಿತು. ನನ್ನ ಸಿಟ್ಟು ಇಳಿದಿರಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ. ಆದರೂ ಲೋಟವನ್ನು ಅವಳ ಕಡೆಗೇ ದೂಡಿದೆ.

"ಕುಡಿ ಅವ್ವಾ. ನೀ ಕುಡಿದ ಮ್ಯಾಲೇ ನಾ ಕುಡಿಯೋದು."